ರಿತು ಕುಸ್ತಿ ಬಿಟ್ಟಿಲ್ಲ

ಮಾನ್ಯ ಸಂಪಾದಕರೇ,

ನಾನು ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವವಳು. ರಿತು ಫೋಗಟ್ 'ದೇಶದ ಪದಕ ಬಿಟ್ಟು ದುಡ್ಡಿನ ಆಟಕ್ಕೆ ಹೋದರು' ಎಂಬ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ.

ಹರಿಯಾಣದ ಬಲಾಲಿಯ ರಿತು 2017ರ 23 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ, 48 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದವರು. ಹೆಸರಾಂತ ಕುಸ್ತಿಪಟುಗಳಾದ ಗೀತಾ, ಬಬಿತಾ ಅವರ ತಂಗಿ ಅನ್ನುವ ಹೆಸರು ಹೇಗೂ ಇತ್ತು. ಅಷ್ಟಕ್ಕೇ ಸುಮ್ನೆ ಇರಬಹುದಿತ್ತು, ಅಲ್ವಾ? ಅವರು 2019ರಲ್ಲಿ ಸಿಂಗಪುರಕ್ಕೆ ಹೋಗಿ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಲಿತರು. ಅದೇ ನವೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ತಮ್ಮ ಮೊದಲ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಮುಗಿಸಿದರು.

ಇದು ಎಷ್ಟು ಕಷ್ಟ ಅನ್ನುವುದು ಕುಸ್ತಿ ಆಡಿದವರಿಗೆ ಗೊತ್ತು. ನಮ್ಮಲ್ಲಿ ಎದುರಾಳಿಯ ಎರಡೂ ಭುಜ ಮ್ಯಾಟ್‌ಗೆ ಒತ್ತಿ ಹಿಡಿದರೆ ಗೆದ್ದಂತೆ. ಅಲ್ಲಿ ಕೆಳಗೆ ಬಿದ್ದವರೂ ಗೆಲ್ಲಬಹುದು. ಕಾಲುಗಳಿಂದ ಸುತ್ತಿ ಹಿಡಿದು, ಮೊಣಕೈ ಹಿಮ್ಮುಖವಾಗಿ ಬಾಗುವಂತೆ ತೋಳು ಎಳೆದು, ಎದುರಾಳಿ ಸೋಲೊಪ್ಪುವಂತೆ ಮಾಡಬಹುದು. 2021ರ ಡಿಸೆಂಬರ್‌ನಲ್ಲಿ ಈ ಆಟದ ಪಂದ್ಯ ನಡೆಸುವ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯ ಗ್ರ್ಯಾನ್ ಪ್ರಿ ಟೂರ್ನಿಯ ಫೈನಲ್‌ನಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್ ಎದುರು ರಿತು ಸೋತದ್ದು ಇಂಥ ಪಟ್ಟಿಗೇ. ಆದರೆ ಅವರನ್ನು ಫೈನಲ್‌ವರೆಗೆ ಒಯ್ದದ್ದು ಕಾಲು ಹಿಡಿದು ಕೆಡವುವ ಕುಸ್ತಿಯ ವಿದ್ಯೆ. ಅದನ್ನು ಬಿಟ್ಟರು ಅನ್ನುವುದು ಹೇಗೆ?

ಇಂಥ ಪಂದ್ಯಗಳ ಸುದ್ದಿ ಕ್ರೀಡಾಪುಟದ ಮೂಲೆಯಲ್ಲಿ ಎರಡು ಸಾಲಿಗೆ ಮುಗಿಯಬಾರದು. ಯಾವ ಪಟ್ಟು ನಡೆಯಿತು, ಯಾವುದು ತಪ್ಪಿತು ಎಂದು ವಿವರವಾಗಿ ಬರೆಯಿರಿ. ನನ್ನ ಹುಡುಗಿಯರು ಓದಲು ಕಾಯುತ್ತಿದ್ದಾರೆ.

— ಒಬ್ಬ ಕುಸ್ತಿ ತರಬೇತುದಾರ್ತಿ