ಎಷ್ಟು ಜನಕ್ಕೆ ಎಷ್ಟು ಕೆರೆ?

ನಮ್ಮ ಪತ್ರಿಕೆಯ ಯುಗಾದಿ ಸಂಚಿಕೆ ನಾಳೆ ಅಚ್ಚಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದಾಗಿದೆ. ಬೇವು-ಬೆಲ್ಲದ ಬಗ್ಗೆ ಬರೆಯೋಣ ಅಂತಿದ್ದೆ. ಆದರೆ ರಜೆಗೆ ಬೆಂಗಳೂರಿಗೆ ಹೋಗಿ ಬಂದ ಕನ್ನಡ ತರಗತಿಯ ಪುಟ್ಟ ಹುಡುಗಿಯೊಬ್ಬಳ ಮಾತು ತಲೆಯಿಂದ ಹೋಗುತ್ತಿಲ್ಲ: "ಅಜ್ಜಿ ಮನೆಗೆ ನೀರು ಟ್ಯಾಂಕರ್‌ನಲ್ಲಿ ಬರುತ್ತೆ. ಅಲ್ಲಿ ಎಲ್ಲರ ಮನೇಲೂ ತುಂಬಾ ಮಕ್ಕಳಿದ್ದಾರಾ?"

ಇಲ್ಲ ಪುಟ್ಟಿ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಪೂರ್ತಿ ಇಬ್ಬರೂ ಇಲ್ಲ. ಆದರೂ 1951ರಲ್ಲಿ 8 ಲಕ್ಷದ ಹತ್ತಿರ ಇದ್ದ ಬೆಂಗಳೂರಿನ ಜನ 2011ರ ಜನಗಣತಿಯ ಹೊತ್ತಿಗೆ 85 ಲಕ್ಷದಷ್ಟಾಗಿದ್ದರು. ಸುತ್ತಲ ಹಳ್ಳಿಗಳು ನಗರದೊಳಗೆ ಸೇರಿಹೋದವು. ಕೆಲಸ ಹುಡುಕಿಕೊಂಡು ಜನ ಬಂದರು. ಕೆಲಸವನ್ನೆಲ್ಲ ತಂದು ಒಂದೇ ಊರಲ್ಲಿ ಇಟ್ಟರೆ ಬರದೇ ಇರುತ್ತಾರಾ?

ನನ್ನ ಅಜ್ಜನ ಊರು ಬೆಂಗಳೂರಿನ ಪೂರ್ವಕ್ಕಿರುವ ವರ್ತೂರಿನ ಕಡೆ. ಮಳೆಗಾಲದಲ್ಲಿ "ಕೆರೆ ಕೋಡಿ ಬಿತ್ತು" ಅಂತ ಯಾರಾದರೂ ಕೂಗಿದರೆ ಸಾಕು, ಊರಿಗೆ ಊರೇ ಏರಿ ಮೇಲೆ. ಅಜ್ಜ ಕೈ ಹಿಡಿದು ಕರೆದುಕೊಂಡು ಹೋಗಿ ಗದ್ದೆಗೆ ನೀರು ಬಿಡುವ ತೂಬು ತೋರಿಸುತ್ತಿದ್ದರು. ಅದನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲ ನೀರು ಹಂಚುವ ನೀರುಗಂಟಿಯ ಲೆಕ್ಕ. ಅವನ ಮಾತಿಗೆ ಪಟೇಲರೂ ಎದುರಾಡುತ್ತಿರಲಿಲ್ಲವಂತೆ. ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತದೆ ಅನ್ನುತ್ತಿದ್ದರು. ಸಂಜೆ ಮೀನು ಹಿಡಿದವರು ಏರಿ ಮೇಲೇ ಕೂತು ಮಾರುತ್ತಿದ್ದರು. ಒದ್ದೆ ಮಣ್ಣು, ಜೊಂಡು, ಮೀನು, ಎಲ್ಲ ಸೇರಿದ ಆ ವಾಸನೆ ನಿಮಗೂ ಗೊತ್ತಲ್ವಾ?

ಅಂಥ ಎಷ್ಟೋ ಕಾಲುವೆಗಳ ಮೇಲೆ ಈಗ ಕಟ್ಟಡಗಳು. ಮಳೆನೀರಿನ ದಾರಿಯಲ್ಲಿ ಕೊಳಚೆ ನೀರು. 2017ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ಕೆರೆಗೆ ಬೆಂಕಿ! ಕುಡಿಯುವ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪ್ ಮಾಡಿ ತರಬೇಕು.

ಜನ ಜಾಸ್ತಿ ಆದರು ಅಂತ ಸುಮ್ನೆ ದೂರುವುದು ಸುಲಭ. ಊರಿನಿಂದ ದೂರ ಇರುವ ನಮ್ಮಲ್ಲಿ ಎಷ್ಟೋ ಜನ ಇಲ್ಲಿಂದಲೇ ಹಣ ಕಳಿಸಿ ಅಲ್ಲಿ ಫ್ಲಾಟ್ ಕೊಳ್ಳುತ್ತೇವೆ, ಬೀಗ ಹಾಕಿ ಇಡುತ್ತೇವೆ. ಕೊಳ್ಳುವ ಮೊದಲು ಹಳೆಯ ನಕ್ಷೆ ತೆಗೆಸಿ, ಅಲ್ಲಿ ಮಳೆನೀರು ಹರಿಯುವ ರಾಜಕಾಲುವೆ ಇತ್ತೇ ನೋಡಿ. ಕೊಳಚೆ ಎಲ್ಲಿಗೆ ಹೋಗುತ್ತದೆ ಅಂತ ಬಿಲ್ಡರ್‌ನ ಬಿಡದೆ ಕೇಳಿ. ಕೈ ಮುಗಿದು ಹೇಳುತ್ತಿದ್ದೇನೆ.

ಜಾಗ ಮುಗಿಯುತ್ತಿದೆ, ಬೇಗ ಬೇಗ: ಯುಗಾದಿ ಊಟಕ್ಕೆ ಹೆಸರು ಕೊಡಲು ಬುಧವಾರವೇ ಕೊನೆ. ತಟ್ಟೆ-ಲೋಟ ಮನೆಯಿಂದ ತನ್ನಿ, ಈ ಸಲ ಪ್ಲಾಸ್ಟಿಕ್ ಇಲ್ಲ. ಮಕ್ಕಳ ನಾಟಕದ ತಾಲೀಮು ಶನಿವಾರ ಹತ್ತಕ್ಕೆ. ಹೋಳಿಗೆ ತಟ್ಟಲು ಶುಕ್ರವಾರ ಸಂಜೆ ನಾಲ್ಕು ಜನ ಬೇಕು. ಬೇಸಿಗೆಗೆ ಊರಿಗೆ ಹೋಗುವವರು ನಿಮ್ಮೂರ ಕೆರೆಯ ಕತೆಯನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಬನ್ನಿ, ಹಾಕೋಣ. ಮತ್ತೆ, ಮುಂದಿನ ಸಂಚಿಕೆ ನನ್ನೊಬ್ಬಳಿಂದ ಆಗುವುದಿಲ್ಲ. ಟೈಪ್ ಮಾಡಲು, ತಪ್ಪು ತಿದ್ದಲು ಯಾರಾದರೂ ಬನ್ನಿ, ದಯವಿಟ್ಟು.