ಹಕಾರ ನುಂಗುವವರಿಗೆ

ಮೊನ್ನೆ ಶುಕ್ರವಾರ ನನ್ನ ಮಾಸ್ಟರ್ಸ್ ಪ್ರಬಂಧಕ್ಕೆ ಮೂವರು ಪರೀಕ್ಷಕರೂ ಸಹಿ ಹಾಕಿದರು. ನಾಲ್ಕು ವರ್ಷ ಎಳೆದಾಡಿದ ಕೆಲಸ. ಅದಕ್ಕೆ ಕೈ ಹಿಡಿದವರಿಗೆಲ್ಲ ಥ್ಯಾಂಕ್ಸ್ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ. ಹಗಲು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಹೈಸ್ಕೂಲು ಮಕ್ಕಳಿಗೆ ಸ್ಪ್ಯಾನಿಷ್ ಪಾಠ, ರಾತ್ರಿ ಮಗಳು ಮಲಗಿದ ಮೇಲೆ ಓದು. "ಮದ್ದೂರಿನವಳು ಮೆಕ್ಸಿಕನ್ ಮಕ್ಕಳಿಗೆ ಅವರ ಭಾಷೆ ಕಲಿಸೋದಾ?" ಅಂತ ಊರಲ್ಲಿ ಕೇಳದವರಿಲ್ಲ. ತರಗತಿಯಲ್ಲಂತೂ ಮೊದಲ ದಿನವೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಸಂಜೆ ಕ್ಲಾಸುಗಳಲ್ಲಿ ಪುಸ್ತಕ ಹಿಡಿದು ಕಲಿತ ಸ್ಪ್ಯಾನಿಷ್ ನನ್ನದು. ಅವರದ್ದು ಅಡುಗೆಮನೆಯಲ್ಲಿ ಕೇಳಿ ಬಂದದ್ದು.

ಅಮೆರಿಕದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಅವರ ಮಕ್ಕಳು ಶಾಲೆಯಲ್ಲಿ ಅದೇ ಭಾಷೆಯ ಕ್ಲಾಸಿಗೆ ಬಂದರೆ ಅವರನ್ನು 'ಹೆರಿಟೇಜ್' ವಿದ್ಯಾರ್ಥಿಗಳು ಅನ್ನುತ್ತಾರೆ. ನಾನು ಮನೆಮಾತಿನ ಮಕ್ಕಳು ಅಂತೀನಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭಾಷಾ ವಿದ್ವಾಂಸೆ ಗ್ವಾಡಲೂಪೆ ವಾಲ್ಡೆಸ್ ಈ ಮಾತನ್ನು ವಿವರಿಸುವಾಗ ಮನೆಯಲ್ಲಿ ಆ ಭಾಷೆ ಮಾತಾಡುವ ಮಕ್ಕಳ ಜೊತೆ ಬರೀ ಕೇಳಿ ಅರ್ಥ ಮಾಡಿಕೊಳ್ಳುವ ಮಕ್ಕಳನ್ನೂ ಸೇರಿಸಿದ್ದಾರೆ. ಆ 'ಬರೀ ಕೇಳುವ' ಮಕ್ಕಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಥ್ಯಾಂಕ್ಸ್ ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ. "ಭಾನುವಾರ ಅಜ್ಜಿಯನ್ನು ನೋಡೋಕೆ ಹೋಗ್ತೀನಿ" ಅಂತ ಬರೆಯಬೇಕಿತ್ತು. 'ಆ ಬೇರ್' ಅಂದರೆ ನೋಡೋಕೆ. ಅವನು ಎರಡನ್ನೂ ಸೇರಿಸಿ, ಮುಂದೊಂದು ಹೆಚ್ ಹಚ್ಚಿ 'ಅಬೇರ್' ಅಂತ ಬರೆದಿದ್ದ. ಅದು ಬೇರೆಯೇ ಕ್ರಿಯಾಪದ. ಸ್ಪ್ಯಾನಿಷ್‌ನಲ್ಲಿ ಹೆಚ್ ಅಕ್ಷರಕ್ಕೆ ಸದ್ದಿಲ್ಲ, ಬಿ ಮತ್ತು ವಿ ಎರಡಕ್ಕೂ ಒಂದೇ ಸದ್ದು, ಹಾಗಾಗಿ ಕಿವಿಗೆ ಎರಡೂ ಒಂದೇ. ನಾನು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಎದ್ದು ಓದು ಅಂದೆ. ಓದಿದ. ಒಂದು ಅಕ್ಷರ ತಪ್ಪಿಲ್ಲ, ನನ್ನ ಉಚ್ಚಾರಕ್ಕಿಂತ ನೂರು ಪಾಲು ಚೆಂದ. ಓದಿ ಮುಗಿಸಿ, "ಮಿಸ್, ನಾನು ನಮ್ಮಜ್ಜಿ ಹೇಳೋ ಹಾಗೇ ಬರೆದೆ. ಅಜ್ಜಿನೂ ತಪ್ಪಾ?" ಅಂದ.

ನನಗೆ ಏಳನೇ ಕ್ಲಾಸು ನೆನಪಾಯಿತು. ನಮ್ಮ ಕಡೆ ಹಕಾರ ನಾಲಿಗೆಗೆ ಬೇಗ ಬರುವುದಿಲ್ಲ. ಆಲು, ಉಲ್ಲು, ಓಗು. ಪಟ್ಟಣದ ಶಾಲೆಗೆ ಸೇರಿದಾಗ ಒಬ್ಬ ಮೇಷ್ಟ್ರು ದಿನಾ ನನ್ನನ್ನು ಎಬ್ಬಿಸಿ "ಹಾಲು, ಹಣ್ಣು, ಹೂವು" ಹೇಳಿಸೋರು. ಕ್ಲಾಸು ನಗೋದು. ಆ ವರ್ಷ ಪೂರ್ತಿ ನಾನು ಹಕಾರ ಇಲ್ಲದ ಮಾತುಗಳನ್ನು ಆರಿಸಿಕೊಂಡು ಮಾತಾಡಿದೆ. 'ಹೌದು' ಅನ್ನೋದರ ಬದಲು ತಲೆಯಾಡಿಸುತ್ತಿದ್ದೆ. ಎಂಥ ವಿಚಿತ್ರ ನೋಡಿ, ಹಕಾರ ನುಂಗಿದ್ದಕ್ಕೆ ಬೈಸಿಕೊಂಡವಳು ಹೆಚ್ ನುಂಗುವ ಭಾಷೆಯನ್ನೇ ಹೊಟ್ಟೆಪಾಡಿಗೆ ಕಲಿತೆ. ಕಲಿತು, ಕೆಂಪು ಪೆನ್ನು ಹಿಡಿದುಕೊಂಡೆ.

ಎರಡನೆಯ ಥ್ಯಾಂಕ್ಸ್ ನನ್ನ ಮಾರ್ಗದರ್ಶಕಿಗೆ. 'ಮನೆಮಾತಿನ ಮಕ್ಕಳು ತರಗತಿಯಲ್ಲಿ ಯಾಕೆ ಬಾಯಿ ಬಿಡೋದಿಲ್ಲ' ಅನ್ನೋದು ನನ್ನ ಪ್ರಶ್ನೆ. ವ್ಯಾಕರಣ ಗಟ್ಟಿಯಾದರೆ ಧೈರ್ಯ ಬರುತ್ತೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಆರು ವಾರ, ಅಕ್ಷರದ ಮೇಲೆ ಉಚ್ಚಾರದ ಒತ್ತು ತೋರಿಸೋ ಗುರುತುಗಳ ವರ್ಕ್‌ಶೀಟ್ ಮಾಡಿಸಿದೆ. ಯಾರು ಮಾತಾಡಿದರು ಅಂತ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ಗೀಟುಗಳೆಲ್ಲ ಅವೇ ನಾಲ್ಕು ಮಕ್ಕಳ ಮುಂದೆ. ಮಾರ್ಗದರ್ಶಕಿ ನೋಟ್‌ಬುಕ್ ತಿರುವಿ ಹಾಕಿ, "ಮಕ್ಕಳದ್ದು ಎಣಿಸಿದ್ದೀಯ, ನಿನ್ನದು ಎಣಿಸಿಲ್ಲ" ಅಂದರು. ಒಂದು ಪೀರಿಯಡ್ಡು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಶುರುವಿನಿಂದ ಬೆಲ್ಲಿನ ತನಕ ನನ್ನದೇ ಗಂಟಲು. ಅದರಲ್ಲೂ ಒಂದೇ ಮಾತು ಮತ್ತೆ ಮತ್ತೆ: "ಹಾಗಲ್ಲ, ಹಾಗಲ್ಲ." ಕಾರಿನಲ್ಲಿ ಕೂತು ಕೇಳಿದೆ. ಮೇಷ್ಟ್ರ ದನಿ ನನ್ನ ಗಂಟಲಲ್ಲಿ ಕೂತಿತ್ತು.

ಅಲ್ಲಿಂದ ಸಂಶೋಧನೆ ತಿರುಗಿತು. ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಅವರ ಸಂಗಡಿಗರು ಅರಿಜೋನಾದ ಟೂಸಾನ್‌ನಲ್ಲಿ ಮೇಷ್ಟ್ರುಗಳನ್ನು ಮಕ್ಕಳ ಮನೆಗೆ ಕಳಿಸಿ, 1992ರಲ್ಲಿ ಅದರ ಬಗ್ಗೆ ಬರೆದಿದ್ದರು. ದೂರು ಹೇಳೋಕೆ ಹೋದವರಲ್ಲ ಅವರು, ಆ ಮನೆಯವರಿಗೆ ಏನು ಗೊತ್ತು ಅಂತ ಕೇಳಿ ಕಲಿಯೋಕೆ ಹೋದವರು. ನನ್ನ ಕೈಲಿ ಅಷ್ಟೆಲ್ಲ ಆಗಲಿಲ್ಲ. ಮಕ್ಕಳಿಗೆ ಹೋಂವರ್ಕ್ ಕೊಟ್ಟೆ: ಮನೆಯಲ್ಲಿ ಹಿರಿಯರ ಹತ್ತಿರ ಮಾತಾಡಿ, ಅವರು ಬಳಸುವ ಪದ ತನ್ನಿ, ದನಿಯನ್ನೂ ತನ್ನಿ. ಗೋಡೆ ತುಂಬಿತು. ಟ್ರಕ್ಕಿಗೆ 'ತ್ರೋಕಾ', ಮಧ್ಯಾಹ್ನದ ಬುತ್ತಿಗೆ 'ಲೋಂಚೆ', ಗಾಡಿ ನಿಲ್ಲಿಸೋಕೆ 'ಪಾರ್ಕೆಆರ್'. ಶುದ್ಧ ಭಾಷೆಯವರು ಇವುಗಳನ್ನು ಕಂಡರೆ ಮೂಗು ಮುರಿಯುತ್ತಾರೆ. ನಾವು ಬಸ್ ಅನ್ನೋದಕ್ಕೆ ಒಂದು ಉಕಾರ ಅಂಟಿಸಿ 'ಬಸ್ಸು' ಮಾಡಿಕೊಂಡು ಹಾಯಾಗಿ ಓಡಾಡುತ್ತಿಲ್ಲವೇ? ಪಕ್ಕದಲ್ಲೇ ಅರ್ಜಿಗೆ, ಪರೀಕ್ಷೆಗೆ ಬೇಕಾದ ಪದವನ್ನೂ ಬರೆಸಿದೆ. ಯಾವುದನ್ನೂ ಅಳಿಸಲಿಲ್ಲ.

ಒಬ್ಬಳು ತಾತನ 'ತ್ರೂಹೆ' ತಂದಳು. 'ತಂದೆನು' ಅನ್ನೋದಕ್ಕೆ ಪುಸ್ತಕದಲ್ಲಿ 'ತ್ರಾಹೆ' ಇದೆ, ತಾತ ಮೆಕ್ಸಿಕೋದ ಸಾಕಾತೇಕಾಸ್‌ನ ಹಳ್ಳಿಯವರು. ನಾಲ್ಕು ನೂರು ವರ್ಷದ ಹಿಂದೆ 'ಡಾನ್ ಕಿಹೋಟೆ' ಬರೆದ ಸೆರ್ವಾಂಟಿಸ್ ಕೂಡ ಅದೇ 'ತ್ರೂಹೆ' ಬರೆದಿದ್ದ ಅಂತ ಹುಡುಕಿ ತೋರಿಸಿದೆ. ಮಾರನೇ ದಿನ ಬಂದು ತಾತ ಹೇಳಿದ್ದನ್ನು ಒಪ್ಪಿಸಿದಳು: "ಮತ್ತೆ, ನಾನು ತಪ್ಪು ಅಂದವರು ಎಲ್ಲಿ ಓದಿದ್ರಂತೆ?" ಆ ತಾತನಿಗೂ ನಮಸ್ಕಾರ.

ಸಂಜೆ ಶಾಲೆ ಗುಡಿಸುವ ಹಿರಿಯರಿಗೂ ಕೈ ಮುಗಿಯುತ್ತೇನೆ. ಒಂದಿನ ಬೆಳಿಗ್ಗೆ ಗೋಡೆಯ ಮೂಲೆಯಲ್ಲಿ ಪೆನ್ಸಿಲಿನ ಒಂದು ಪದ: 'ಮೆಚೂದೊ'. ನೆಲ ಒರೆಸುವ ಮಾಪು. ಮೂಲ ಅರ್ಥ ತಲೆ ಕೆದರಿದವನು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ವಾರವೇ ಅವರನ್ನು ಕರೆದು ಪಾಠ ಮಾಡಿಸಿದೆವು.

ಇನ್ನು 'ಬರೀ ಕೇಳುವ' ಮಕ್ಕಳು. ಮೂರನೇ ತಲೆಮಾರಿನ ಒಬ್ಬ ಹುಡುಗಿಗೆ ಉಳಿದವರು 'ನೋ ಸಾಬೊ' ಅಂತ ಅಡ್ಡಹೆಸರಿಟ್ಟಿದ್ದರು. 'ನನಗೆ ಗೊತ್ತಿಲ್ಲ' ಅನ್ನೋದಕ್ಕೆ 'ನೋ ಸೆ' ಅನ್ನಬೇಕು, ಇಂಥ ಮಕ್ಕಳು ನಿಯಮದ ಪ್ರಕಾರ ತಾವೇ ಕಟ್ಟಿಕೊಂಡು 'ನೋ ಸಾಬೊ' ಅಂತಾರೆ ಅನ್ನೋ ಅಣಕ. ಅವಳ ಅಜ್ಜಿ ಪಶ್ಚಿಮ ಟೆಕ್ಸಸ್‌ನವರು. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಮರದ ಹಲಗೆಯಲ್ಲಿ ಏಟು ತಿಂದವರು, ತಮ್ಮ ಮಕ್ಕಳಿಗೆ ಆ ಏಟು ಬೇಡ ಅಂತ ಮನೆಯಲ್ಲಿ ಇಂಗ್ಲಿಷೇ ಆಡಿದವರು. ಅದೇ ಸೀಮೆಯ ಮಾರ್ಫಾ ಅನ್ನೋ ಊರಲ್ಲಿ 1954ರಲ್ಲಿ ಬ್ಲ್ಯಾಕ್‌ವೆಲ್ ಶಾಲೆಯ ಮಕ್ಕಳಿಂದ ಚೀಟಿಗಳ ಮೇಲೆ ಸ್ಪ್ಯಾನಿಷ್ ಪದ ಬರೆಸಿ, ಪೆಟ್ಟಿಗೆಗೆ ಹಾಕಿಸಿ, 'ಮಿಸ್ಟರ್ ಸ್ಪ್ಯಾನಿಷ್' ಸತ್ತ ಅಂತ ಮಣ್ಣು ಮಾಡಿಸಿದ್ದರು. ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಮಾಡುವ ಕಾನೂನು ಬಂದದ್ದು 2022ರಲ್ಲಿ. ಇದನ್ನೆಲ್ಲ ಓದಿದ ಮೇಲೆ ತರಗತಿಯಲ್ಲಿ 'ನೋ ಸಾಬೊ' ಅನ್ನೋ ಮಾತು ತಾನಾಗಿಯೇ ನಿಂತಿತು. ಆ ಅಜ್ಜಿ ತಮ್ಮ ದನಿ ರೆಕಾರ್ಡ್ ಮಾಡೋಕೆ ಒಪ್ಪಿದ್ದು ನನ್ನ ಪುಣ್ಯ. ಹನ್ನೊಂದು ನಿಮಿಷ, ನಡುನಡುವೆ ಮೊಮ್ಮಗಳ "ಸಿ, ಅಜ್ಜಿ, ಸಿ." ಸಿ ಅಂದರೆ ಹೌದು. ಅಷ್ಟಕ್ಕೇ ಅವಳ ಹೆಸರಿನ ಮುಂದೆ ಗೀಟು ಹಾಕಿದೆ.

ಎಲ್ಲ ಗೆದ್ದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಒಬ್ಬ ಹುಡುಗ ನಡುವಲ್ಲೇ ಶಾಲೆ ಬಿಟ್ಟು ಅಪ್ಪನ ಜೊತೆ ಛಾವಣಿ ಕೆಲಸಕ್ಕೆ ಹೋದ. ನನ್ನ ಕೋಷ್ಟಕದಲ್ಲಿ ಅವನ ಸಾಲು ಅರ್ಧಕ್ಕೆ ನಿಂತಿದೆ. ತೆಗೆದುಹಾಕಬಹುದು ಅಂದರು. ತೆಗೆಯಲಿಲ್ಲ.

ಮನೆಯವರಿಗೆ ಏನು ಹೇಳಲಿ? ಯಜಮಾನರು ನಾಲ್ಕು ವರ್ಷದಲ್ಲಿ ಕಲಿತದ್ದು ಉಪ್ಪಿಟ್ಟೊಂದೇ, ಆದರೆ ದಿನಾ ಮಾಡಿದರು. ಮಗಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ರಾತ್ರಿಯೆಲ್ಲ ನಾನು ಓದುತ್ತಿದ್ದದ್ದು ನಮ್ಮ ಮನೆ ಕಥೆಯೇ ಅಂತ ಗೊತ್ತಾಗೋಕೆ ನನಗೇ ಎರಡು ವರ್ಷ ಬೇಕಾಯಿತು. ಈಗ ಅವಳು ಅಜ್ಜಿಗೆ ವಾಯ್ಸ್ ಮೆಸೇಜ್ ಕಳಿಸುತ್ತಾಳೆ: "ಅಜ್ಜಿ, ನಾನು ಊಟ ಆಯ್ತು." ತಿದ್ದೋಕೆ ಬಾಯಿ ತೆರೆದು, ಮುಚ್ಚಿಕೊಳ್ಳುತ್ತೇನೆ.

ಶುಕ್ರವಾರ ಪರೀಕ್ಷಕರ ಕೋಣೆಯಿಂದ ಹೊರಗೆ ಬಂದವಳೇ ಮೊದಲು ಅವ್ವನಿಗೆ ಫೋನ್ ಮಾಡಿದೆ. ಮದ್ದೂರಿನಲ್ಲಿ ಆಗ ಬೆಳಗಿನ ಜಾವ. "ಅವ್ವ, ಪಾಸಾಯ್ತು" ಅಂದೆ.

"ಒಳ್ಳೇದಾಯ್ತು ಬುಡವ್ವ. ಆಲು ಒಲೆ ಮ್ಯಾಲೆ ಮಡಗಿವ್ನಿ, ಉಕ್ಕೋಯ್ತದೆ. ಆಮ್ಯಾಕೆ ಮಾಡು."