ಕೋಶದ ‘ಕಸ’ವೇ ಕ್ಯಾನ್ಸರ್ ಮದ್ದಿನ ಅಂಚೆಯಣ್ಣ

ಮಾನ್ಯರೇ,

ಜೀವಕೋಶಗಳು ಹೊರಬಿಡುವ ಎಕ್ಸೋಸೋಮ್ ಎಂಬ ಸೂಕ್ಷ್ಮ ಚೀಲಗಳನ್ನು ಒಂದು ಕಾಲದಲ್ಲಿ ಕೋಶದ ಕಸವೆಂದೇ ಬದಿಗೊತ್ತಿದ್ದರು. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ರಘು ಕಲ್ಲೂರಿ ಅವರ ತಂಡ ಇವುಗಳಲ್ಲಿ ಜೀನಿನ ಬಾಯಿ ಕಟ್ಟುವ ಆರ್‌ಎನ್‌ಎ ಎಂಬ ಅಣುವಿನ ತುಣುಕು ತುಂಬಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಕೆರಳಿಸುವ ಕೆಟ್ಟ ಕೆ-ರಾಸ್ ಜೀನನ್ನು ಇಲಿಗಳಲ್ಲಿ ತಣ್ಣಗಾಗಿಸಿತು. ವರದಿ 2017ರಲ್ಲಿ ಬಂತು. ಚೀಲದ ಮೇಲಿನ ಸಿಡಿ47 ಎಂಬ ಪ್ರೋಟೀನು ‘ನನ್ನನ್ನು ತಿನ್ನಬೇಡ’ ಎಂದು ರಕ್ಷಣಾ ಕೋಶಗಳಿಗೆ ಸನ್ನೆ ಮಾಡುತ್ತದಂತೆ. ಎಂಥ ಜಾಣ ಅಂಚೆಯಣ್ಣ!

ರೋಗಿಗಳ ಮೇಲಿನ ಪ್ರಯೋಗ ಇನ್ನೂ ಆರಂಭದ ಹಂತದ್ದು. ಅಷ್ಟರಲ್ಲೇ ಮುಖದ ಹೊಳಪಿಗೆ, ಬೋಳುತಲೆಗೆ ‘ಎಕ್ಸೋಸೋಮ್ ಚಿಕಿತ್ಸೆ’ ಎಂಬ ಜಾಹೀರಾತುಗಳು! ಅನುಮತಿಯಿಲ್ಲದ ಇಂತಹ ಉತ್ಪನ್ನಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿತ್ತು. ನಮ್ಮ ಔಷಧ ನಿಯಂತ್ರಕರೂ ಈ ಜಾಹೀರಾತುಗಳ ಮೇಲೆ ಕಣ್ಣಿಡಲಿ.

– ಓರ್ವ ಓದುಗ, ಮೈಸೂರು